ಹಲ್ಲಿಗೆ ಕೇಳಿಸಿದ್ದು

ನನ್ನ ಕಿವಿ ಮಂದ. ಈಗ ಯಾರಿಗೆ ಬೇಕಾದರೂ ಹೇಳುತ್ತೇನೆ, ಈ ವಯಸ್ಸಿನಲ್ಲಿ ನನ್ನನ್ನು ಯಾರು ಏನು ಮಾಡಿಯಾರು? ಆದರೆ ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಅಬ್ಬಿಗೆರೆಯ ಮುನಿಯಲ್ಲಮ್ಮ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಯಶವಂತಪುರದ ಆಚೆಗಿದ್ದ ಒಂದು ಆಸ್ಪತ್ರೆಯಲ್ಲಿ ನರ್ಸ್ ಟ್ರೈನಿಂಗಿನ ಕೊನೇ ವರ್ಷದಲ್ಲಿದ್ದಾಗ, ಈ ಒಂದು ಮಾತನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಳು. ಗೊತ್ತಾದರೆ ಅವತ್ತೇ ಟ್ರಂಕು ಹೊರಿಸಿ ಊರಿಗೆ ಕಳಿಸುತ್ತಿದ್ದರು. ಕಿವುಡಿಯನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ, ನೀವೇ ಹೇಳಿ.

ಪೂರ್ತಿ ಕಿವುಡಿಯೇನಲ್ಲ. ಚಿಕ್ಕಂದಿನಲ್ಲಿ ಎರಡು ಕಿವಿಯೂ ಸೋರುತ್ತಿದ್ದವು. ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು, ಹತ್ತಿ ತುರುಕಿದಳು, ದೇವರಿಗೆ ಹರಕೆ ಹೊತ್ತಳು. ಸೋರುವುದು ನಿಂತಾಗ ಲೋಕದ ಸದ್ದೂ ಮುಕ್ಕಾಲು ಪಾಲು ನಿಂತುಹೋಗಿತ್ತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಕೊಂಡು ಉತ್ತರ ಕೊಡುತ್ತಿದ್ದೆ. ಟ್ರೈನಿಂಗಿಗೆ ಸೇರುವಾಗ ಪರೀಕ್ಷೆ ಮಾಡಿದ ಡಾಕ್ಟರೂ ಎದುರಿಗೇ ಕೂತು ಕೇಳಿದರು, ನಾನು ಪಟಪಟ ಹೇಳಿ ಪಾಸಾದೆ. ಬೆನ್ನ ಹಿಂದಿನಿಂದ ಕರೆದವರಿಗೆ ಮಾತ್ರ ನಾನು ಜಂಬದವಳು. ತಿರುಗಿ ನೋಡುವುದಿಲ್ಲ, ಮಹಾರಾಣಿ ಎಂದು ಹಾಸ್ಟೆಲ್ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ! ಕಿವುಡಿ ಎನ್ನಿಸಿಕೊಳ್ಳುವುದಕ್ಕಿಂತ ಮಹಾರಾಣಿ ವಾಸಿ.

ಮತ್ತೆ ನಿಜ ಹೇಳಬೇಕೆಂದರೆ, ಆ ಅರ್ಧ ಮುಚ್ಚಿದ ಲೋಕ ನನಗೆ ಇಷ್ಟವೇ ಆಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಹೆರಿಗೆ ವಾರ್ಡಿನ ಉದ್ದಕ್ಕೂ ಹಸಿರು ಪರದೆಗಳು ಗಾಳಿಗೆ ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಬಿಸಿಲು ನೆಲದ ಮೇಲೆ ಚೌಕಚೌಕವಾಗಿ ಬಿದ್ದು, ಮಂಚದಿಂದ ಮಂಚಕ್ಕೆ ತೆವಳುತ್ತಿತ್ತು. ಹೆಂಗಸರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಮಾತ್ರ ನೀರಿನ ಅಡಿಯಿಂದ ಎದ್ದು ಬಂದ ಹಾಗೆ ಬರುತ್ತಿತ್ತು. ರೈಲು ಬಂದರೆ ಬೇರೆಯವರ ಕಿವಿಗಿಂತ ಮೊದಲು ನನ್ನ ಅಂಗಾಲಿಗೆ ತಿಳಿಯುತ್ತಿತ್ತು. ನೆಲ ಸಣ್ಣಗೆ ನಡುಗಿ, ಮಂಚದ ಕಬ್ಬಿಣ ನಡುಗಿ, ಲೋಟದಲ್ಲಿದ್ದ ನೀರಿನ ಮೇಲೆ ಒಂದು ಉಂಗುರ ಎದ್ದು ಅಳಿಸಿಹೋಗುತ್ತಿತ್ತು. ಎಷ್ಟೋ ಸಲ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ಗೊತ್ತಾಗುತ್ತಿರಲಿಲ್ಲ.

ನಮಗೆ ಪಾಠ ಹೇಳುತ್ತಿದ್ದವರು ಸಿಸ್ಟರ್ ಜಹೀರಾ. ಕುಳ್ಳಗಿನ ಹೆಂಗಸು, ಮೂಗಿನ ತುದಿಯಲ್ಲೇ ಕೋಪ. ಗಂಜಿ ಹಾಕಿದ ಸೆರಗಿಗೆ ಒಂದು ಸುಕ್ಕು ಇರುತ್ತಿರಲಿಲ್ಲ.

"ನಾಲ್ಕೇ ನಾಲ್ಕು," ಎಂದು ಬೆರಳು ಮಡಿಸಿ ಹೇಳುತ್ತಿದ್ದರು. "ನೋಡು, ಮುಟ್ಟು, ತಟ್ಟು, ಕೇಳು. ಈ ನಾಲ್ಕು ಬಂದ್ರೆ ನೀವು ನರ್ಸು. ಬರ್ಲಿಲ್ಲಾಂದ್ರೆ ಬಿಳೀ ಸೀರೆ ಉಟ್ಕೊಂಡಿರೋ ಗೊಂಬೆ, ಅಷ್ಟೇ."

ಮೊದಲ ಮೂರರಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಎಲೆಅಡಿಕೆ ಹಾಕುವ ಹೆಂಗಸರ ತುಟಿ ನೋಡಿ ಮೋಸಹೋಗಬಾರದು, ಕೆಳರೆಪ್ಪೆ ಎಳೆದು ಒಳಗಿನ ಕೆಂಪು ನೋಡಬೇಕು ಎಂದು ಅವರು ಹೇಳುವ ಮೊದಲೇ ನಾನು ರೆಪ್ಪೆ ಎಳೆದಿರುತ್ತಿದ್ದೆ. ಜ್ವರವನ್ನು ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ನೋಡುತ್ತಿದ್ದೆ. ಮೊಣಕಾಲ ಕೆಳಗೆ ಬೆರಳು ಒತ್ತಿ, ಕುಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ ನೀರು ತುಂಬಿದೆಯೋ ಇಲ್ಲವೋ ಹೇಳುತ್ತಿದ್ದೆ. ನಾಡಿ ಹಿಡಿದಂತೆ ನಟಿಸುತ್ತಲೇ ಉಸಿರು ಎಣಿಸುವುದಂತೂ ನೀರು ಕುಡಿದಷ್ಟು ಸುಲಭ. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿ ಬೇಕೆಂದೇ ನೀಳವಾಗಿ ಎಳೆಯುತ್ತಾನೆ, ಅದಕ್ಕೇ ಆ ಕಳ್ಳಾಟ. "ಮುನಿಯಲ್ಲಮ್ಮನ ಬೆರಳಲ್ಲಿ ಕಣ್ಣಿದೆ," ಎಂದು ಸಿಸ್ಟರ್ ಒಂದು ಸಲ ಎಲ್ಲರ ಮುಂದೆ ಅಂದುಬಿಟ್ಟರು. ಮೂರು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ಬೆರಳು ಅಪ್ಪನ ಕಡೆಯಿಂದ ಬಂದದ್ದು.

ಅಪ್ಪ ಬೈರಣ್ಣ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ನೀರು ತರುವ ದೊಡ್ಡ ಕಬ್ಬಿಣದ ಪೈಪಿನ ಮೇಲೆ ಕೆಲಸಕ್ಕಿದ್ದ. ದಿನಾ ಬೆಳಿಗ್ಗೆ ತೇಗದ ಕೋಲೊಂದನ್ನು ಹೆಗಲಿಗಿಟ್ಟುಕೊಂಡು ತನ್ನ ಪಾಲಿನ ದಾರಿ ನಡೆಯುವುದು, ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಎಲ್ಲಿ ಹುಲ್ಲು ಅಕ್ಕಪಕ್ಕಕ್ಕಿಂತ ಹಸಿರಾಗಿದೆ ಎಂದು ಮೊದಲು ನೋಡುತ್ತಿದ್ದ. ಆಮೇಲೆ ಬರಿಗಾಲಲ್ಲಿ ನಿಂತು ಮಣ್ಣಿನ ತಂಪು ತಿಳಿಯುತ್ತಿದ್ದ. ಆಮೇಲೆ ಕೋಲಿನ ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಕಿವಿಗೆ. ಗಾಳಿ ಜೋರಾಗಿದ್ದ ದಿನ ಮಾತ್ರ ಕಿವಿಗೆ ಇಡದೆ, ಕೋಲಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಏಳು ವರ್ಷದವಳಿದ್ದಾಗ ಒಂದು ದಿನ ಅವನ ಜೊತೆ ಹೋಗಿದ್ದೆ. "ಯಾಕಪ್ಪ, ಕೋಲು ತಿಂತೀಯಾ?" ಎಂದು ನಕ್ಕೆ.

"ಕಿವಿಯೊಳೀಕೆ ಗಾಳಿ ನುಗ್ತದೆ. ಹಲ್ಲಿನೊಳೀಕೆ ನುಗ್ಗಾಕಾಯ್ತದಾ? ತಗಾ, ನೀನೂ ಕಚ್ಚು," ಎಂದು ಕೋಲು ಕೊಟ್ಟ.

ಕಚ್ಚಿದೆ. ಅಯ್ಯೋ ಶಿವನೇ! ಕೆರೆಗೆ ಕೆರೆಯೇ ನನ್ನ ತಲೆಯೊಳಗೆ ಹರಿದುಹೋಯಿತು. ಯಾವ ಕಿವಿಯೂ ನನಗೆ ಅಷ್ಟು ಸದ್ದನ್ನು ಅದುವರೆಗೆ ಕೊಟ್ಟಿರಲಿಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಅಪ್ಪ ಬಂದು ಬಾಯಿಂದ ಕೋಲು ಬಿಡಿಸಬೇಕಾಯಿತು.

ಸಂಜೆ ಅಪ್ಪ ಓವರ್ಸಿಯರಿಗೆ ಒಪ್ಪಿಸುವ ಪುಸ್ತಕದಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತಿದ್ದ. ಒಂದು ಕಡೆ 'ಸೋರಿಕೆ ಇಲ್ಲ' ಎಂದಿರುತ್ತಿತ್ತು, ಇನ್ನೊಂದು ಕಡೆ 'ಕೇಳಿಸಲಿಲ್ಲ' ಎಂದು. ಎರಡೂ ಒಂದೇ ಅಲ್ವಾ ಎಂದು ನಾನು ಕೇಳಿದ್ದಕ್ಕೆ ತಲೆಗೆ ಒಂದು ಮೊಟಕಿದ.

"ಎಂಗೆ ಒಂದೇ ಆಯ್ತದೆ ಕಣವ್ವ? ಸೋರಿಕೆ ಇಲ್ಲ ಅಂತ ಬರೆದ್ರೆ ಓವರ್ಸೀರಪ್ಪ ನೆಮ್ಮದಿಯಾಗಿ ಮನೀಕಂತಾನೆ. ಕೇಳಿಸ್ನಿಲ್ಲ ಅಂತ ಬರೆದ್ರೆ ಇನ್ನೊಬ್ನ ಕಳಿಸ್ತಾನೆ."

ಇಷ್ಟೆಲ್ಲ ಗೊತ್ತಿದ್ದ ಮಗಳು ಮಾಡಿದ ಕೆಲಸ ಕೇಳಿ.

ಹೆರಿಗೆ ವಾರ್ಡಿನಲ್ಲಿ ಬಸುರಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳಲು ಒಂದು ಮರದ ಕೊಳವೆ ಇರುತ್ತಿತ್ತು. ಗೇಣುದ್ದ, ಒಂದು ತುದಿ ಬಾಯಿ ಅಗಲಿಸಿಕೊಂಡಿದ್ದರೆ ಇನ್ನೊಂದು ತುದಿಗೆ ಕಿವಿ ಆನಿಸಲು ಚಪ್ಪಟೆ ಬಿಲ್ಲೆ. ನಾವು ಹುಡುಗಿಯರು ಅದನ್ನು ತುತ್ತೂರಿ ಎನ್ನುತ್ತಿದ್ದೆವು. ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ಮೊದಲು ಕೈಯಿಂದ ಹುಡುಕಬೇಕು. ಅದು ನನಗೆ ಕಣ್ಣು ಮುಚ್ಚಿದರೂ ಸಿಗುತ್ತಿತ್ತು. ಅಲ್ಲಿ ತುತ್ತೂರಿ ಇಟ್ಟು, ಬಿಲ್ಲೆಗೆ ಕಿವಿ ಕೊಟ್ಟು, ತಾಯಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡಿಕೊಂಡು ಎಣಿಸಬೇಕು. ಮಣಿಕಟ್ಟು ಯಾಕೆಂದರೆ, ತಾಯಿಯ ನಾಡಿಯನ್ನೇ ಮಗುವಿನದೆಂದು ಎಣಿಸಿಬಿಡುವ ದಡ್ಡರು ಇರುತ್ತಾರೆ. ನಿಮಿಷಕ್ಕೆ ನೂರಿಪ್ಪತ್ತರ ಮೇಲಿದ್ದರೆ ಮಗು ಕ್ಷೇಮ. ಕೆಳಗೆ ಇಳಿದರೆ ಓಡಿಹೋಗಿ ಹೇಳಬೇಕು.

ನನಗೆ ಏನೂ ಕೇಳಿಸುತ್ತಿರಲಿಲ್ಲ. ಒಂದು ಸಲವೂ ಕೇಳಿಸಲಿಲ್ಲ. ನಾನು ತಲೆ ಬಗ್ಗಿಸಿ, ಗಡಿಯಾರ ನೋಡಿ, ತುಟಿ ಅಲುಗಿಸಿ, ಎದ್ದು ಬಂದು ನೂರ ನಲವತ್ತು ಎಂದು ಬರೆಯುತ್ತಿದ್ದೆ. ಒಂದೇ ಸಂಖ್ಯೆ ಬರೆದರೆ ಅನುಮಾನ ಬಂದೀತೆಂದು ಒಂದೊಂದು ಸಲ ನೂರ ಮೂವತ್ತಾರು, ಒಂದೊಂದು ಸಲ ನೂರ ನಲವತ್ತನಾಲ್ಕು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಮಕ್ಕಳೆಲ್ಲ ಕ್ಷೇಮವಾಗಿ ಹುಟ್ಟುತ್ತಿದ್ದವು, ನನ್ನ ಸುಳ್ಳೂ ಅವುಗಳ ಜೊತೆ ದುಂಡುದುಂಡಾಗಿ ಬೆಳೆಯಿತು.

ಆಷಾಢದ ಗಾಳಿಯ ಒಂದು ದಿನ ಹೆರಿಗೆ ನೋವು ಶುರುವಾಗಿ ದ್ರೌಪದಮ್ಮ ಬಂದಳು. ಚಿಕ್ಕಬಾಣಾವರದ ಕಡೆಯವಳು, ದೊಡ್ಡ ಕಣ್ಣು, ಬಾಯಿಬಡುಕಿ. ಎರಡು ಹೆತ್ತು ಎರಡೂ ಕಳೆದುಕೊಂಡಿದ್ದಳು, ಇದು ಮೂರನೆಯದು. ಎಡಗೈ ತುಂಬ ಹಸಿರು ಬಳೆ, ಮುಂಗೈಗೆ ಹಚ್ಚೆ. ಬೆಳಿಗ್ಗೆ ಒಂಬತ್ತಕ್ಕೆ ಸಿಸ್ಟರೇ ತುತ್ತೂರಿ ಇಟ್ಟು ಕೇಳಿ ನೂರ ನಲವತ್ತೆರಡು ಎಂದು ಬರೆದು, ಗಂಟೆಗೊಂದು ಸಲ ನೋಡಲು ನನ್ನನ್ನು ಬಿಟ್ಟು ಹೋದರು. ಹತ್ತು, ಹನ್ನೊಂದು, ಹನ್ನೆರಡು, ಒಂದು. ನಾಲ್ಕು ಸಲ ಬಗ್ಗಿದೆ, ನಾಲ್ಕು ಸಲ ಬರೆದೆ.

ಎರಡು ಗಂಟೆಗೆ ವಾರ್ಡು ತೂಕಡಿಸುತ್ತಿತ್ತು. ಗಾಳಿಗೆ ಪರದೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ದ್ರೌಪದಮ್ಮ ನನ್ನ ಸೆರಗು ಎಳೆದಳು. ಬೆಳಿಗ್ಗೆಯ ಬಾಯಿ ಎಲ್ಲಿ ಹೋಯಿತೋ, ತುಟಿ ಮಾತ್ರ ಆಡುತ್ತಿತ್ತು.

"ನರ್ಸಮ್ಮ, ಮಗ ಒದೀತಿಲ್ಲ ಕಣವ್ವ. ಬೆಳಗ್ಗಿಂದ ಕುಣೀತಿತ್ತು, ಈಗ ತೆಪ್ಪಗೈತೆ. ಆ ಎಲ್ಡೂ ಇಂಗೇ ತೆಪ್ಪಗಾದೊ. ಚೆನ್ನಾಗೈತೆ ಅಂತ ಏಳು ನಮ್ಮವ್ವ."

ತುತ್ತೂರಿ ಇಟ್ಟು ಕಿವಿ ಆನಿಸಿದೆ. ಏನೂ ಇಲ್ಲ. ಯಾವಾಗಲೂ ಏನೂ ಇರುತ್ತಿರಲಿಲ್ಲ, ಹಾಗೇ. ಈ ಮೌನ ನನ್ನ ಕಿವಿಯದೋ, ಒಳಗಿರುವ ಜೀವದ್ದೋ? ಹೇಗೆ ತಿಳಿಯುವುದು? ಆ ಕ್ಷಣ ನನ್ನ ಮೇಲೆ ನನಗೇ ಅಸಹ್ಯ ಬಂತು. ಸಿಸ್ಟರನ್ನು ಕರೆದರೆ ಇಷ್ಟು ಹೊತ್ತು ಏನು ಕೇಳಿದೆ ಎನ್ನುತ್ತಾರೆ. ನೂರ ನಲವತ್ತು ಎಂದು ಬರೆದು ಎದ್ದುಬಿಟ್ಟರೆ ನನ್ನ ಟ್ರಂಕು ಇಲ್ಲೇ ಉಳಿಯುತ್ತದೆ. ಪೆನ್ನು ಕೈಯಲ್ಲೇ ಇತ್ತು.

ಆಗ ಗಾಳಿ ಇನ್ನೊಂದು ಸಲ ಬೀಸಿತು. ಕಿಟಕಿಯ ಬಾಗಿಲು ಬಡಿದದ್ದು ಕಣ್ಣಿಗೆ ಕಂಡಿತು. ಕಿವಿಯೊಳೀಕೆ ಗಾಳಿ ನುಗ್ತದೆ ಎಂದು ಅಪ್ಪ ಕೋಲು ಚಾಚಿದ್ದು, ಆ ಹಸಿರು ಹುಲ್ಲು, ತಲೆಯೊಳಗೆ ಹರಿದುಹೋದ ಆ ಕೆರೆ. ಅದುವರೆಗೆ ಯಾಕೆ ಹೊಳೆಯಲಿಲ್ಲ ಎಂದರೆ, ಆಸ್ಪತ್ರೆಯ ಸಾಮಾನನ್ನು ಬಾಯಿಗಿಟ್ಟು ಎಂಜಲು ಮಾಡುವುದು ಯಾರಿಗಾದರೂ ಹೊಳೆಯುತ್ತದೆಯೇ?

ಬಗ್ಗಿ ಬಿಲ್ಲೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದೆ.

"ಅಯ್ಯೋ, ನನ್ ಮಗೀನ ತಿಂತೀಯಾ?" ಎಂದಳು ದ್ರೌಪದಮ್ಮ. ಭಯದಲ್ಲೂ ಅವಳಿಗೆ ನಗು ಬಂತು, ಹೊಟ್ಟೆ ಕುಲುಕಿತು. ನಾನು ಅವಳ ಮಣಿಕಟ್ಟು ಒತ್ತಿ ಹಿಡಿದು ಸುಮ್ಮನಿರಲು ಕಣ್ಣಲ್ಲೇ ಹೇಳಿದೆ.

ಮೊದಲು ನೀರು ಬಂತು. ಅದೇ ನೀರು, ಹೆಸರಘಟ್ಟದ್ದು. ದೊಡ್ಡ ಪೈಪಿನಲ್ಲಿ ತುಂಬಿ ಹರಿಯುವ ಮೊರೆತ, ನನ್ನ ಬೆರಳ ಕೆಳಗಿನ ನಾಡಿಯ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು. ಇದು ತಾಯಿಯದು. ನಾನು ಅದರೊಳಗೆ ಇಳಿದೆ. ವಾರ್ಡು, ಬಿಸಿಲು, ಪರದೆ ಎಲ್ಲ ಮೇಲೆ ಎಲ್ಲೋ ಉಳಿದವು. ಆ ನೀರಿನ ಅಡಿಯಲ್ಲಿ, ಬಹಳ ಅಡಿಯಲ್ಲಿ, ಯಾರೋ ಸಣ್ಣ ಬೆರಳಿನಿಂದ ಬಾಗಿಲು ತಟ್ಟುತ್ತಿದ್ದರು. ಟುಕು, ಟುಕು, ಟುಕು. ನನ್ನ ಹಲ್ಲಿನ ಬೇರಿಗೆ ಅದು ಮುಟ್ಟಿತು. ಇಷ್ಟು ದಿನ ನಾನು ಸುಳ್ಳು ಬರೆದದ್ದು ಇದರ ಮೇಲೆ. ಕಣ್ಣಲ್ಲಿ ನೀರು ಬಂತು, ಕಚ್ಚಿದ್ದು ಬಿಡಲಿಲ್ಲ.

ಕಾಲು ನಿಮಿಷಕ್ಕೆ ಇಪ್ಪತ್ತೈದು ಎಣಿಸಿದೆ. ಮಣಿಕಟ್ಟಿನಲ್ಲಿ ಇಪ್ಪತ್ತೊಂದು. ಎರಡೂ ಬೇರೆ ಬೇರೆ. ಹಾಗಾದರೆ ಮಗುವಿನದು ನಿಮಿಷಕ್ಕೆ ನೂರು. ಇನ್ನೊಂದು ಸಲ ಎಣಿಸಿದೆ. ಇಪ್ಪತ್ತನಾಲ್ಕು. ತಟ್ಟುವವರ ಕೈ ಸೋಲುತ್ತಿತ್ತು.

ಓಡಿಹೋಗಿ ಸಿಸ್ಟರನ್ನು ಕರೆತಂದೆ. ಅವರು ತುತ್ತೂರಿ ಎತ್ತಿಕೊಂಡರು, ಒದ್ದೆಯಾಗಿದ್ದ ಬಿಲ್ಲೆ ನೋಡಿ ಹುಬ್ಬು ಗಂಟಿಕ್ಕಿ, ಒರೆಸಿ, ಕಿವಿ ಇಟ್ಟು ಕೇಳಿದರು. ಆಮೇಲೆ ಮಂಚದ ಕಾಲಿಗೆ ತೂಗುಹಾಕಿದ್ದ ಚಾರ್ಟು ನೋಡಿದರು.

"ಇಳಿದಿದೆ, ನಿಜ. ಆದ್ರೆ ಈಗ ತಾನೇ ನೋವು ಬಂದು ಹೋಯ್ತಲ್ಲ, ನೋವಲ್ಲಿ ಸ್ವಲ್ಪ ಇಳಿಯುತ್ತೆ, ಆಮೇಲೆ ಏರುತ್ತೆ. ಒಂದು ಗಂಟೆಗೆ ನೀನು ಬರ್ದಿರೋ ನೂರ ನಲವತ್ತು ಚೆನ್ನಾಗೇ ಇದೆ. ಡಾಕ್ಟರಮ್ಮ ಈಗ ಊಟಕ್ಕೆ ಹೋದ್ರು. ಅರ್ಧ ಗಂಟೆ ನೋಡೋಣ."

ಅರ್ಧ ಗಂಟೆ! ನಾನು ಬರೆದ ಸಂಖ್ಯೆ ಅವರನ್ನು ನೆಮ್ಮದಿಯಾಗಿ ನಿಲ್ಲಿಸಿತ್ತು. ದ್ರೌಪದಮ್ಮ ನಮ್ಮಿಬ್ಬರ ಮುಖವನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದಳು.

"ಒಂದು ಗಂಟೆಗೆ ನೂರ ನಲವತ್ತು ಇರ್ಲಿಲ್ಲ ಸಿಸ್ಟರ್."

"ಏನಂದೆ?"

"ನಂಗೊತ್ತಿಲ್ಲ ಎಷ್ಟಿತ್ತು ಅಂತ. ನಂಗೆ ಕೇಳ್ಸಲಿಲ್ಲ. ಹತ್ತು ಗಂಟೆಯಿಂದ ಒಂದೂ ಕೇಳ್ಸಿಲ್ಲ. ನಾನೇ ಬರ್ಕೊಂಡೆ. ನಂಗೆ ಕಿವಿ ಕೇಳಲ್ಲ ಸಿಸ್ಟರ್. ಈಗ ಹಲ್ಲಲ್ಲಿ ಕಚ್ಚಿ ಎಣಿಸ್ದೆ. ಇವ್ರು ಮಗು ಕುಣೀತಿಲ್ಲ ಅಂತಾವ್ರೆ. ಡಾಕ್ಟರಮ್ಮನ್ನ ಕರೀರಿ, ನಿಮ್ ಕಾಲಿಗೆ ಬೀಳ್ತೀನಿ."

ಕೆನ್ನೆಗೆ ಬಾರಿಸುತ್ತಾರೆ ಅಂದುಕೊಂಡೆ. ಬಾರಿಸಿದ್ದರೆ ಹಾಯೆನಿಸುತ್ತಿತ್ತು. ಅವರು ಒಂದು ಗಳಿಗೆ ನನ್ನನ್ನು ನೋಡಿದರು, "ಯಾ ಅಲ್ಲಾ" ಎಂದು ತುಟಿ ಆಡಿತು, ಆಮೇಲೆ ಆ ಕುಳ್ಳಿ ಹೆಂಗಸು ಗಂಜಿ ಸೀರೆ ಎತ್ತಿಕೊಂಡು ಓಡಿದ ಓಟ ನೋಡಬೇಕಿತ್ತು.

ಡಾಕ್ಟರಮ್ಮ ಎಂಜಲು ಕೈಯಲ್ಲೇ ಬಂದು ತೊಳೆದುಕೊಂಡರು. ದ್ರೌಪದಮ್ಮನನ್ನು ಒಳಗೆ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು. ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಗೋಡೆಗೆ ಆತುಕೊಂಡು ನಿಂತೆ. ಒಂದು ಗೂಡ್ಸ್ ರೈಲು ಹೋಯಿತು, ಅಂಗಾಲಿಗೆ ಒಂದೊಂದು ಡಬ್ಬಿಯೂ ತಿಳಿಯಿತು. ಒಳಗೆ ಏನಾಗುತ್ತಿದೆ ಎಂದು ಮಾತ್ರ ಏನೂ ತಿಳಿಯಲಿಲ್ಲ. ನಾನು ಕಂಡ ದೇವರಿಗೆಲ್ಲ ಕೈಮುಗಿದೆ. ನನ್ನ ಟ್ರಂಕು ಹೋಗಲಿ, ನಾನು ಸಗಣಿ ಬಾಚಿಕೊಂಡಿರುತ್ತೇನೆ, ಆ ಬಾಗಿಲು ತಟ್ಟುವವರನ್ನು ಹೊರಗೆ ಬಿಡಿ ಎಂದು.

ಬಾಗಿಲು ತೆರೆದು ಆಯಾ ಮುನಿವೆಂಕಟಮ್ಮ ಬಿಸಿನೀರಿಗೆಂದು ಹೊರಗೆ ಬಂದಳು. ಅವಳ ಮುಖದಲ್ಲಿ ನಗು ಇತ್ತು. ಹೆಣ್ಣುಮಗು. ಕರುಳಬಳ್ಳಿ ಕತ್ತಿಗೆ ಎರಡು ಸುತ್ತು ಸುತ್ತಿಕೊಂಡಿತ್ತಂತೆ, ಇಕ್ಕಳ ಹಾಕಿ ತೆಗೆದರಂತೆ. ನೀಲಿಗಟ್ಟಿತ್ತು, ಬೆನ್ನು ಉಜ್ಜಿದ ಮೇಲೆ ಅತ್ತಿತಂತೆ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಆ ಅಳು ನನಗೆ ಕೇಳಿಸಿರಲಿಲ್ಲ.

ಸಂಜೆ ಸಿಸ್ಟರ್ ಚಾರ್ಟನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟರು. ಬೈಯಲಿಲ್ಲ. "ಸರಿ ಮಾಡು" ಎಂದರು, ಅಷ್ಟೇ. ನಾಲ್ಕು ಸಂಖ್ಯೆಗಳ ಮೇಲೂ ಗೆರೆ ಎಳೆದೆ. ಪಕ್ಕದಲ್ಲಿ ಒಂದೊಂದಕ್ಕೂ 'ಕೇಳಿಸಲಿಲ್ಲ' ಎಂದು ಬರೆದೆ. ನನ್ನ ಅಕ್ಷರ ಥೇಟ್ ಅಪ್ಪನ ಅಕ್ಷರದ ಹಾಗೆ ಸೊಟ್ಟಸೊಟ್ಟಗೆ ಬಂತು.

ಮೇಟ್ರನ್ ತೀರ್ಮಾನ ಹೇಳುವವರೆಗೆ ರೋಗಿಗಳನ್ನು ಮುಟ್ಟಕೂಡದು ಎಂದಾಯಿತು. ಸಾಮಾನು ಕುದಿಸುವ ಕೋಣೆಗೆ ಹಾಕಿದರು. ಹತ್ತು ದಿನ ಆವಿಯಲ್ಲಿ ನಿಂತು ಕತ್ತರಿ, ಇಕ್ಕಳ, ಬಟ್ಟಲು ಕುದಿಸಿದೆ. ನಡುವೆ ಒಂದು ದಿನ ಕಿವಿ ಡಾಕ್ಟರ ಹತ್ತಿರ ಕಳಿಸಿದರು, ಅವರು ಕಂಪಿಸುವ ಉಕ್ಕಿನ ಕವೆಗೋಲೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ "ಕೇಳ್ಸುತ್ತಾ?" ಎಂದರು. ಕೇಳಿಸಿತು. ಅವರು ಏನೋ ಬರೆದುಕೊಟ್ಟರು. ನಾನು ಓದಲಿಲ್ಲ, ಓದಿ ಏನಾಗಬೇಕು? ಟ್ರಂಕಿಗೆ ಬಟ್ಟೆ ಜೋಡಿಸಿ ಇಟ್ಟಾಗಿತ್ತು.

ಹನ್ನೊಂದನೇ ದಿನ ಮುನಿವೆಂಕಟಮ್ಮ ಬಂದು ಕೈಸನ್ನೆ ಮಾಡಿ ಕರೆದಳು. ವಾರ್ಡಿನಲ್ಲಿ ದ್ರೌಪದಮ್ಮ ಊರಿಗೆ ಹೊರಟು ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು. ಸಿಸ್ಟರ್ ಕಿಟಕಿಯ ಹತ್ತಿರ ಇದ್ದರು.

"ತಗಾ, ಎತ್ಕಾ. ಇವ್ಳನ್ನ ಕಚ್ಚಿ ಈಚೆಗೆ ಎಳೆದೋಳು ನೀನೇಯ," ಎಂದು ದ್ರೌಪದಮ್ಮ ಮಗುವನ್ನು ನನ್ನ ಕೈಗೆ ಹಾಕಿದಳು.

"ನಾನು ಸುಳ್ಳು ಬರ್ದಿದ್ದೆ ಕಣಕ್ಕ," ಎಂದೆ.

"ಅದ್ನೂ ಕೇಳಿಸ್ಕಂಡೆ, ಅಲ್ಲೇ ಮನಗಿದ್ನಲ್ಲ. ಕ್ವಾಪ ಐತೆ. ಅಂಗಂತ ಮಗೀನ ಕೊಡದಂಗಿರ್ಲಾ?"

ಮಗು ಬಾಯಿ ತೆರೆದು ಅಳುತ್ತಿತ್ತು, ಮುಖವೆಲ್ಲ ಕೆಂಪಾಗಿತ್ತು. ನನಗೆ ಅದು ಎಲ್ಲೋ ಊರಾಚೆ ಅತ್ತ ಹಾಗಿತ್ತು. ಎತ್ತಿ ಅದರ ನೆತ್ತಿಯನ್ನು ನನ್ನ ದವಡೆಗೆ ಒತ್ತಿಕೊಂಡೆ. ತಲೆಯೊಳಗೇ ಅತ್ತಿತು. ಅಬ್ಬಾ, ಏನು ಗಂಟಲು! ಇಷ್ಟು ದೊಡ್ಡ ಸದ್ದು ಆ ನೀರಿನ ಅಡಿಯಲ್ಲಿ ಸುಮ್ಮನೆ ಬಾಗಿಲು ತಟ್ಟುತ್ತ ಕಾದಿತ್ತಲ್ಲ ಎಂದು ನಾನೂ ಅದರ ಜೊತೆ ಅತ್ತುಬಿಟ್ಟೆ.

ಸಿಸ್ಟರ್ ಕಿಟಕಿಕಟ್ಟೆಯ ಮೇಲಿನಿಂದ ತುತ್ತೂರಿ ಎತ್ತಿಕೊಂಡರು. ಬಿಲ್ಲೆಯ ಅಂಚಿನಲ್ಲಿ ನನ್ನ ಹಲ್ಲಿನ ಗುರುತು ಸಾಲಾಗಿ ಕೂತಿತ್ತು. ಕಿಟಕಿ ಬಿಟ್ಟು ನಡೆದು ಬಂದರು. ನನ್ನ ಎದುರಿಗೇ ನಿಂತರು. ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಒಂದಿಷ್ಟು ಪಕ್ಕಕ್ಕೆ ಸರಿದು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಮೂಳೇಲಿ ಕೇಳ್ಸುತ್ತೆ ಅಂತ ಕಿವಿ ಡಾಕ್ಟ್ರು ಬರ್ದಿದ್ರು, ಮೇಟ್ರನ್ ಒಪ್ಪಿದ್ರು. ಆರು ತಿಂಗಳು ಟ್ರೈನಿಂಗ್ ಜಾಸ್ತಿ ಮಾಡ್ಬೇಕು, ಸುಳ್ಳು ಬರ್ದಿದ್ದಕ್ಕೆ. ಇದನ್ನ ನೀನೇ ಇಟ್ಕೋ. ಎಂಜಲು ಮಾಡಿಟ್ಟಿದೀಯಲ್ಲ, ಇನ್ಯಾರು ಮುಟ್ತಾರೆ ಇದನ್ನ? ನಾಳೆ ಏಳು ಗಂಟೆಗೆ ವಾರ್ಡಿಗೆ ಬಾ."

ಅವರ ಕೈಕೆಳಗೆ ಇನ್ನೂ ಒಂಬತ್ತು ವರ್ಷ ಕೆಲಸ ಮಾಡಿದೆ. ಬೈಗುಳಕ್ಕೇನೂ ಕಡಿಮೆ ಇರಲಿಲ್ಲ. ಆದರೆ ಅವತ್ತಿನಿಂದ ಅವರು ಒಂದು ಸಲವೂ ನನ್ನನ್ನು ಬೆನ್ನ ಹಿಂದಿನಿಂದ ಕರೆಯಲಿಲ್ಲ.